ಜೀವಕೋಶದ ಪೊರೆಗೆ ಜೋಡಿ ಕಾವಲು



ನಮ್ಮ ಪ್ರತಿ ಜೀವಕೋಶಕ್ಕೂ ಕೊಬ್ಬಿನ ಪೊರೆಯಿದೆ. ಹಳೆಯ ಎಣ್ಣೆ ಕಮಟು ಹಿಡಿಯುವಂತೆ ಈ ಕೊಬ್ಬೂ ಆಮ್ಲಜನಕದಿಂದ ಕೆಡುತ್ತದೆ. ಕೆಟ್ಟ ಅಣು ಪಕ್ಕದ್ದನ್ನೂ ಕೆಡಿಸುತ್ತದೆ. ಪೊರೆಯೊಳಗಿನ ವಿಟಮಿನ್ ‘ಇ’ ಈ ಸರಪಳಿಯನ್ನು ತುಂಡರಿಸಿ ತಾನು ಸವೆಯುತ್ತದೆ. ಪೊರೆಯಂಚಿನ ನೀರಿನಲ್ಲಿರುವ ವಿಟಮಿನ್ ‘ಸಿ’ ಅದನ್ನು ಮತ್ತೆ ಸಜ್ಜುಗೊಳಿಸುತ್ತದೆ. ಇವೇ ಆಂಟಿಆಕ್ಸಿಡೆಂಟ್‌ಗಳು. ಶೇಂಗಾ, ನೆಲ್ಲಿಕಾಯಿ, ಸೀಬೆಹಣ್ಣಿನಿಂದ ಈ ಜೋಡಿ ದೊರೆಯುತ್ತದೆ.

ಮಾತ್ರೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚುವುದಿಲ್ಲ. ಫಿನ್‌ಲೆಂಡಿನ ಸುಮಾರು 29,000 ಧೂಮಪಾನಿಗಳ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಮತ್ತೊಂದು ಆಂಟಿಆಕ್ಸಿಡೆಂಟ್ ಆದ ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಿತ್ತು. ಆದ್ದರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಇಂಥ ಮಾತ್ರೆ ಕೊಳ್ಳಬಾರದು. ದಾನಿಗಳ ಹಣ ವೈದ್ಯರು ಬರೆದುಕೊಟ್ಟ ಔಷಧಿಗೇ ಸಲ್ಲಲಿ.