ಮಗಳಿಗೆ ಹದಿನೆಂಟು ತುಂಬಿತು, ತಂದೆಯ ಹೊಣೆ ತೀರಿತೇ?

ಅಸ್ರ್ ನಮಾಝ್ ಮುಗಿದು ಜನರೆಲ್ಲ ಎದ್ದು ಹೋದ ಮೇಲೂ ಒಬ್ಬರು ಮಸೀದಿಯ ಕಂಬಕ್ಕೊರಗಿ ಕುಳಿತಿದ್ದರು. ನಾನು ಹೊರಟಾಗ ಹತ್ತಿರ ಬಂದು, "ಹಜ್ರತ್, ಒಂದು ಮಸ್‌ಅಲಾ ಕೇಳಬೇಕಿತ್ತು" ಎಂದರು. ಎಂಟು ವರ್ಷಗಳ ಹಿಂದೆ ಅವರ ದಾಂಪತ್ಯ ಮುರಿದಿದೆ. ಮಗಳು ತಾಯಿಯ ಬಳಿ ಇದ್ದಾಳೆ. ನ್ಯಾಯಾಲಯದ ಆದೇಶದಂತೆ ಅವರು ಪ್ರತಿ ತಿಂಗಳೂ ಜೀವನಾಂಶ ಕಳುಹಿಸುತ್ತಾ ಬಂದಿದ್ದಾರೆ.

"ಬರುವ ತಿಂಗಳು ಅವಳಿಗೆ ಹದಿನೆಂಟು ತುಂಬುತ್ತದೆ. ಇನ್ನು ಕೊಡಬೇಕಾಗಿಲ್ಲವೆಂದು ವಕೀಲರು ಹೇಳಿದರು. ಶರೀಅತಿನಲ್ಲೂ ಹಾಗೆಯೇ ಅಲ್ಲವೇ?"

"ಮಗಳು ಏನು ಮಾಡುತ್ತಿದ್ದಾಳೆ?" ಎಂದು ಕೇಳಿದೆ.

"ದ್ವಿತೀಯ ಪಿಯುಸಿ ಓದುತ್ತಿದ್ದಾಳೆ."

"ಹಣ ನಿಂತ ಮರುದಿನ ಅವಳ ಊಟ ಎಲ್ಲಿಂದ ಬರುತ್ತದೆ?"

ಅವರು ತಲೆ ತಗ್ಗಿಸಿದರು.

ಪ್ರಿಯ ಓದುಗರೇ, ಇದು ಒಬ್ಬರ ಪ್ರಶ್ನೆಯಲ್ಲ. ನಮ್ಮ ಎಷ್ಟೋ ಜಮಾಅತ್‌ಗಳಲ್ಲಿ ಇಂತಹ ಕುಟುಂಬಗಳಿವೆ. ಆದ್ದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ಶರೀಅತ್ ಏನು ಹೇಳುತ್ತದೆ ಎಂಬುದನ್ನು ಒಂದೊಂದಾಗಿ ತಿಳಿದುಕೊಳ್ಳೋಣ.

ತಲಾಕ್ ಪತ್ನಿಗೆ, ಮಕ್ಕಳಿಗಲ್ಲ

ಮೊದಲು ಮೂಲ ವಿಷಯ. ವಿಚ್ಛೇದನದಿಂದ ಮುರಿಯುವುದು ಪತಿ ಪತ್ನಿಯರ ಸಂಬಂಧ. ತಂದೆ ಮಕ್ಕಳ ಸಂಬಂಧವನ್ನು ಮುರಿಯುವ ಶಬ್ದ ಶರೀಅತಿನಲ್ಲಿಲ್ಲ. ಪವಿತ್ರ ಕುರ್‌ಆನಿನ ಸೂರಃ ಅಲ್ ಬಕರದ 233ನೇ ಸೂಕ್ತವು ಮೊಲೆಯುಣಿಸುವ ತಾಯಿಯ ಅನ್ನ ವಸ್ತ್ರದ ಹೊಣೆಯನ್ನು ಮಗುವಿನ ತಂದೆಯ ಮೇಲೆ ಹೊರಿಸಿದೆ. ಮಗುವಿನ ಕಾರಣದಿಂದ ತಾಯಿಗಾಗಲಿ ತಂದೆಗಾಗಲಿ ತೊಂದರೆ ಕೊಡಬಾರದೆಂದು ಅದೇ ಸೂಕ್ತ ಎಚ್ಚರಿಸುತ್ತದೆ. ಸೂರಃ ಅತ್ತಲಾಕ್‌ನ 7ನೇ ಸೂಕ್ತವು ಅನುಕೂಲಸ್ಥನು ತನ್ನ ಅನುಕೂಲಕ್ಕೆ ತಕ್ಕಂತೆಯೂ ಬಡವನು ತನಗೆ ಅಲ್ಲಾಹನು ಕೊಟ್ಟದ್ದರಿಂದಲೂ ಖರ್ಚು ಮಾಡಬೇಕೆಂಬ ಅಳತೆಯನ್ನು ಕೊಡುತ್ತದೆ.

ಹಝ್ರತ್ ಅಬೂ ಸುಫ್ಯಾನ್‌ರ(ರ) ಪತ್ನಿ ಹಿಂದ್(ರ) ಅವರು ಪ್ರವಾದಿವರ್ಯರ(ಸ) ಬಳಿ, ಪತಿಯು ಮನೆಯ ಖರ್ಚಿಗೆ ಸಾಕಷ್ಟು ಕೊಡುವುದಿಲ್ಲವೆಂದು ದೂರಿಕೊಂಡ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ತನಗೂ ಮಕ್ಕಳಿಗೂ ನ್ಯಾಯವಾಗಿ ಸಾಲುವಷ್ಟನ್ನು ಅವರ ಹಣದಿಂದ ತೆಗೆದುಕೊಳ್ಳಲು ಪ್ರವಾದಿವರ್ಯರು(ಸ) ಆಕೆಗೆ ಅನುಮತಿ ನೀಡಿದರು. ಅಂದರೆ ಮಕ್ಕಳ ನಫಕಃ ತಂದೆ ತೋರಿಸುವ ಔದಾರ್ಯವಲ್ಲ, ಅದು ಮಕ್ಕಳ ಹಕ್ಕು.

ದೇಶದ ಕಾನೂನು

ನಮ್ಮ ದೇಶದಲ್ಲಿ 1875ರ ಪ್ರಾಪ್ತ ವಯಸ್ಸಿನ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದವರು ವಯಸ್ಕರು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಅಪ್ರಾಪ್ತ ಮಕ್ಕಳಿಗೆ ಜೀವನಾಂಶ ಕೊಡಿಸುತ್ತಿತ್ತು. ವಯಸ್ಕರಲ್ಲಿ, ದೈಹಿಕ ಅಥವಾ ಮಾನಸಿಕ ಊನದಿಂದಾಗಿ ತಮ್ಮನ್ನು ತಾವು ಪೋಷಿಸಿಕೊಳ್ಳಲಾಗದ ಮಕ್ಕಳಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ವಿವಾಹಿತ ಮಗಳು ಅದರಲ್ಲಿ ಸೇರುತ್ತಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇದೇ ನಿಯಮ 144ನೇ ಕಲಮಾಗಿ ಮುಂದುವರಿದಿದೆ. ವಕೀಲರು ಹದಿನೆಂಟರ ಮಾತು ಆಡಿದ್ದು ಈ ಕಲಮನ್ನು ನೋಡಿ.

ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. 1997ರಲ್ಲಿ ನೂರ್ ಸಬಾ ಖಾತೂನ್ ಪ್ರಕರಣ ಸುಪ್ರೀಮ್ ಕೋರ್ಟಿನ ಮುಂದೆ ಬಂತು. ಮೂವರು ಮಕ್ಕಳಿಗೆ ತಲಾ 150 ರೂಪಾಯಿಯಂತೆ ಮಾಸಿಕ ಜೀವನಾಂಶದ ಆದೇಶವಾಗಿತ್ತು. ವಿಚ್ಛೇದಿತ ಮುಸ್ಲಿಮ್ ಮಹಿಳೆಯರ 1986ರ ಕಾಯ್ದೆಯಂತೆ ಮಗುವಿಗೆ ಎರಡು ವರ್ಷವಾಗುವವರೆಗೆ ಕೊಟ್ಟರೆ ಸಾಕು ಎಂಬುದು ತಂದೆಯ ವಾದ. ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಆ ಎರಡು ವರ್ಷದ ಮಾತು ತಾಯಿಗೆ ಸಂಬಂಧಿಸಿದ್ದು, ಮಕ್ಕಳ ಹಕ್ಕು ಬೇರೆಯೇ ಎಂದಿತು. ಮಕ್ಕಳು ಪ್ರಾಪ್ತ ವಯಸ್ಸಿಗೆ ಬರುವವರೆಗೆ ಅಥವಾ ತಮ್ಮನ್ನು ಪೋಷಿಸಿಕೊಳ್ಳಲು ಶಕ್ತರಾಗುವವರೆಗೆ, ಹೆಣ್ಣು ಮಕ್ಕಳಾದರೆ ಅವರ ಮದುವೆಯಾಗುವವರೆಗೆ, ಅನುಕೂಲವಿರುವ ಮುಸ್ಲಿಮ್ ತಂದೆಯ ಹೊಣೆ ಉಳಿಯುತ್ತದೆಂದು ತೀರ್ಪಿತ್ತಿತು. ಈ ತೀರ್ಪಿಗೆ ಆಧಾರವಾದವುಗಳಲ್ಲಿ ನಮ್ಮ ಶರೀಅತಿನ ನಿಯಮವೂ ಒಂದೆಂಬುದನ್ನು ಗಮನಿಸಿರಿ.

ಇನ್ನೊಂದು ವಿಷಯ. ಆದೇಶವಿದ್ದೂ ಹಿಂದಿನ ತಿಂಗಳುಗಳಲ್ಲಿ ಕೊಡದೆ ಉಳಿಸಿಕೊಂಡ ಬಾಕಿಯು ಮಗುವಿಗೆ ಹದಿನೆಂಟಾದ ಮಾತ್ರಕ್ಕೆ ಮನ್ನಾ ಆಗುವುದಿಲ್ಲ. ಆದರೆ 144ನೇ ಕಲಮಿನಡಿ ವಸೂಲಿಗೆ ವಾರಂಟ್ ಬೇಕಾದರೆ ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ತಾಯಂದಿರು ಇದನ್ನು ನೆನಪಿಡಲಿ.

ಫಿಕ್ಹ್ ನೋಡುವುದು ವಯಸ್ಸನ್ನಲ್ಲ, ಸ್ಥಿತಿಯನ್ನು

ಕಾನೂನಿಗೆ ಒಂದು ಗೆರೆ ಬೇಕು, ಅದು ಹದಿನೆಂಟೆಂದು ಎಳೆದಿದೆ. ಫುಕಹಾಗಳು ನೋಡುವುದು ಬೇರೆ ರೀತಿಯಲ್ಲಿ. ಮಗುವಿಗೆ ಸ್ವಂತ ಆಸ್ತಿ ಇದೆಯೇ? ದುಡಿಯುವ ಶಕ್ತಿ ಇದೆಯೇ? ಇವೇ ಅವರ ಪ್ರಶ್ನೆಗಳು. ಹನಫೀ ಮದ್‌ಹಬಿನ ನಿಯಮಗಳನ್ನು ಹೀಗೆ ಸಂಗ್ರಹಿಸಬಹುದು:

1. ಮಗುವಿಗೆ ಸ್ವಂತ ಆಸ್ತಿಯಿದ್ದರೆ ಅದರ ಖರ್ಚು ಅದರಿಂದಲೇ. ಇಲ್ಲದಿದ್ದರೆ ತಂದೆಯ ಮೇಲೆ.

2. ಪ್ರೌಢನಾಗಿ ದುಡಿಯಬಲ್ಲ ಮಗನ ನಫಕಃ ತಂದೆಗೆ ಕಡ್ಡಾಯವಲ್ಲ.

3. ಅಂಗವಿಕಲ, ದೀರ್ಘ ರೋಗಿ ಅಥವಾ ಬುದ್ಧಿಮಾಂದ್ಯನಾಗಿ ದುಡಿಯಲಾಗದ ಮಗನ ಹೊಣೆ, ಅವನಿಗೆ ಎಷ್ಟೇ ವಯಸ್ಸಾದರೂ, ತಂದೆಯದೇ.

4. ಮಗಳ ಹೊಣೆ ಅವಳ ಮದುವೆಯಾಗುವವರೆಗೆ. ಅವಳು ವಿಧವೆಯಾಗಿ ಅಥವಾ ವಿಚ್ಛೇದಿತಳಾಗಿ ಇದ್ದತ್ ಮುಗಿಸಿ ಬರಿಗೈಯಲ್ಲಿ ಮರಳಿದರೆ ಆ ಹೊಣೆಯೂ ತಂದೆಗೆ ಮರಳುತ್ತದೆ. ಅವಳು ತಾನಾಗಿ ದುಡಿದು ಸಾಕಷ್ಟು ಗಳಿಸುತ್ತಿದ್ದರೆ ತಂದೆಯ ಭಾರ ಇಳಿಯುತ್ತದೆ. ಆದರೆ ದುಡಿಯೆಂದು ಅವಳನ್ನು ಬಲವಂತಪಡಿಸುವ ಹಕ್ಕು ತಂದೆಗಿಲ್ಲ.

5. ಓದಿನಲ್ಲಿ ನಿಜವಾಗಿ ತೊಡಗಿ ಅದರಿಂದಾಗಿ ದುಡಿಯಲಾಗದ ವಿದ್ಯಾರ್ಥಿಯನ್ನು ದುಡಿಯಲಾಗದವರ ಸಾಲಿನಲ್ಲೇ ಸೇರಿಸಿದ ವಿದ್ವಾಂಸರಿದ್ದಾರೆ. ದಮಾಸ್ಕಸ್‌ನ ಇಬ್ನ್ ಆಬಿದೀನ್ (ಮರಣ 1836) ತಮ್ಮ ರದ್ದುಲ್ ಮುಹ್ತಾರ್‌ನಲ್ಲಿ ಇದನ್ನು ಚರ್ಚಿಸಿದ್ದಾರೆ. ವಿದ್ಯಾರ್ಥಿಯು ಸನ್ನಡತೆಯವನಾಗಿರಬೇಕು ಎಂಬ ಷರತ್ತೂ ಇದೆ. ಹೆಸರಿಗೆ ಕಾಲೇಜು, ದಿನವಿಡೀ ಬಸ್ ನಿಲ್ದಾಣ ಎನ್ನುವವನಿಗೆ ಈ ರಿಯಾಯಿತಿ ಇಲ್ಲ.

ಕರಾವಳಿಯ ನಮ್ಮ ಸಹೋದರರಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬಿನವರು. ಅಲ್ಲಿ ವಯಸ್ಕ ಮಕ್ಕಳ ವಿಷಯದಲ್ಲಿ ಬಡತನ ಮತ್ತು ದುಡಿಯುವ ಅಶಕ್ತತೆಗೆ ಹೆಚ್ಚಿನ ಒತ್ತು ಇದೆ. ಅವರು ತಮ್ಮ ಖಾಝಿಯವರನ್ನು ಕೇಳಿ ನಡೆಯಲಿ.

ಕೆಲವರು ಖುಲಾ ಅಥವಾ ರಾಜಿಯ ಸಮಯದಲ್ಲಿ, ಮಕ್ಕಳ ಓದು ಮುಗಿಯುವವರೆಗೆ ಖರ್ಚು ಕೊಡುತ್ತೇನೆಂದು ಹಿರಿಯರ ಮುಂದೆ ಬರೆದುಕೊಟ್ಟಿರುತ್ತಾರೆ. ಅವರಿಗೆ ಹದಿನೆಂಟರ ನೆಪವೂ ಇಲ್ಲ. ಕೊಟ್ಟ ಮಾತನ್ನು ನಡೆಸುವುದು ಸತ್ಯವಿಶ್ವಾಸಿಯ ಲಕ್ಷಣ.

ಮೂವರಿಗೂ ಒಂದೊಂದು ಮಾತು

ತಂದೆಯರೇ, ಹಣ ಮಾಜಿ ಪತ್ನಿಯ ಕೈ ಸೇರುತ್ತದೆಂಬ ಕೋಪ ನಿಮ್ಮಲ್ಲಿರಬಹುದು. ಮಗು ವಯಸ್ಕನಾದ ಮೇಲೆ ಅದಕ್ಕೆ ಸುಲಭ ಪರಿಹಾರವಿದೆ. ಮಗುವಿನದೇ ಬ್ಯಾಂಕ್ ಖಾತೆಗೆ ಹಾಕಿರಿ, ಶುಲ್ಕವನ್ನು ಕಾಲೇಜಿಗೇ ಕಟ್ಟಿರಿ. ಇನ್ನು ಮುಂದೆ ಕೊಡಲಾಗದಂತಹ ಕಷ್ಟವಿದ್ದರೆ ಆರು ತಿಂಗಳು ಮೊದಲೇ ಇಬ್ಬರು ಹಿರಿಯರನ್ನು ಕೂರಿಸಿ ತಿಳಿಸಿರಿ. ಎಷ್ಟೋ ತಂದೆಯರು ಈ ಖರ್ಚು ತಪ್ಪಿಸಲೆಂದೇ ಹದಿನೆಂಟು ತುಂಬಿದ ಕೂಡಲೇ ಸಿಕ್ಕಿದ ವರನಿಗೆ ಮಗಳನ್ನು ಕಟ್ಟಿಬಿಡುತ್ತಾರೆ. ಇದು ಹೊಣೆ ತೀರಿಸುವುದಲ್ಲ, ಹೊಣೆಯನ್ನು ಎತ್ತಿ ಎಸೆಯುವುದು. ಎರಡನೇ ಮದುವೆಯ ಮಕ್ಕಳಿಗೆ ಒಂದು, ಮೊದಲನೆಯವರಿಗೆ ಇನ್ನೊಂದು ಎಂಬ ಭೇದವೂ ಬೇಡ. ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟ ನುಅ್‌ಮಾನ್ ಬಿನ್ ಬಶೀರ್‌ರ(ರ) ತಂದೆಗೆ, ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ಪ್ರವಾದಿವರ್ಯರು(ಸ) ತಾಕೀತು ಮಾಡಿದ್ದನ್ನು ಮರೆಯದಿರಿ.

ತಾಯಂದಿರೇ, ತಂದೆಯ ಮೇಲಿನ ನಿಮ್ಮ ನೋವನ್ನು ಮಗುವಿನ ಬಾಯಿಂದ ಆಡಿಸಬೇಡಿರಿ. ಹಣ ಬಂದಾಗ ಬಂತೆಂದು ತಿಳಿಸಿರಿ, ಖರ್ಚಿನ ಲೆಕ್ಕವಿಡಿರಿ. ಮಗ ಸಂಪಾದನೆಗೆ ತೊಡಗಿದ ಮೇಲೂ ಅದನ್ನು ಮುಚ್ಚಿಟ್ಟು ಜೀವನಾಂಶ ಪಡೆಯುವುದು ಅನ್ಯಾಯ.

ಮಕ್ಕಳೇ, ತಿಂಗಳಿಗೊಮ್ಮೆ ಹಣ ಬರುವಾಗ ಮಾತ್ರ ತಂದೆ ನೆನಪಾಗಬಾರದು. ನಿಮಗೆ ಕೆಲಸ ಸಿಕ್ಕಿದ ದಿನ ನೀವೇ ಅವರಿಗೆ ಹೇಳಿರಿ, "ಅಬ್ಬಾ, ಇನ್ನು ಬೇಡ" ಎಂದು. ನಾಳೆ ಅವರ ಮುಪ್ಪಿನಲ್ಲಿ ಹೊಣೆ ನಿಮ್ಮದಾಗುತ್ತದೆ. ಅಂದು ನೀವೂ ಕಾನೂನಿನ ಕಲಮು ಹುಡುಕಬಾರದಲ್ಲವೇ?

ಆ ಸಹೋದರರಿಗೆ ನಾನು ಹೇಳಿದ್ದು ಇಷ್ಟೆ: "ಹದಿನೆಂಟು ಎಂಬ ಸಂಖ್ಯೆ ನ್ಯಾಯಾಧೀಶರ ಮುಂದೆ ಉತ್ತರವಾಗಬಹುದು. ನಾಳೆ ಪರಲೋಕದಲ್ಲಿ ಮಗಳ ಹಸಿವಿನ ಬಗ್ಗೆ ವಿಚಾರಣೆಯಾದಾಗ ಅದು ಉತ್ತರವಾಗುತ್ತದೆಯೇ?" ತಾನು ಉಣಿಸಬೇಕಾದವರನ್ನು ಕಡೆಗಣಿಸುವುದೇ ಒಬ್ಬನನ್ನು ಪಾಪಿಯಾಗಿಸಲು ಸಾಕೆಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿದೆ. ಕುಟುಂಬಕ್ಕಾಗಿ ಮಾಡುವ ಖರ್ಚು ಅತ್ಯಧಿಕ ಪ್ರತಿಫಲದ ಖರ್ಚೆಂದು ಮುಸ್ಲಿಮ್‌ನ ಹದೀಸ್ ತಿಳಿಸುತ್ತದೆ. ಒಂದೇ ಹಣ, ತಡೆದರೆ ಪಾಪ, ಕೊಟ್ಟರೆ ಪುಣ್ಯ.

ಮೊನ್ನೆ ಅವರು ಮತ್ತೆ ಸಿಕ್ಕಿದರು. ಮಗಳ ಹೆಸರಿನಲ್ಲಿ ಖಾತೆ ತೆರೆಸಿದ್ದಾರಂತೆ. "ಪದವಿ ಮುಗಿಯುವವರೆಗೆ ಕಳುಹಿಸುತ್ತೇನೆ ಹಜ್ರತ್, ಇನ್ಶಾ ಅಲ್ಲಾಹ್" ಎಂದರು.

ಅಲ್ಲಾಹನು ನಮ್ಮ ಗಳಿಕೆಯಲ್ಲಿ ಬರಕತ್ ನೀಡಲಿ. ನಮ್ಮ ಮಕ್ಕಳ ಹಕ್ಕನ್ನು ತೀರಿಸುವ ಸೌಭಾಗ್ಯವನ್ನು ಕರುಣಿಸಲಿ. ಆಮೀನ್.