ಥಂಡಿಯಲ್ಲಿ ಮುದುಡಿ ಕೂತ ಗಿಣಿಯನ್ನು ಬೆಚ್ಚಗಿಡುವುದು ಹೇಗೆ?

ಡಿಸೆಂಬರ್ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ನಸುಕಿನ ಥಂಡಿ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಮಗೆ ಕೌದಿ ಹೊದ್ದರೆ ಸಾಕು. ಗಟ್ಟಿಮುಟ್ಟಾದ ಹಕ್ಕಿಯೂ ಪುಕ್ಕ ಉಬ್ಬಿಸಿಕೊಂಡು ರಾತ್ರಿ ಕಳೆದುಬಿಡುತ್ತದೆ. ಕಷ್ಟವೆಲ್ಲ ಕಾಯಿಲೆ ಬಿದ್ದ ಹಕ್ಕಿಗೆ. ಹಕ್ಕಿಯ ಮೈ ಕಾವು ಸುಮಾರು 40ರಿಂದ 42 ಡಿಗ್ರಿ. ಅದನ್ನು ಉಳಿಸಿಕೊಳ್ಳಲು ಅದು ದಿನವಿಡೀ ತಿನ್ನುತ್ತಿರಬೇಕು. ತಿನ್ನುವುದು ನಿಂತರೆ, 30–40 ಗ್ರಾಂ ತೂಗುವ ಬಡ್ಜಿಯಂಥ ಚಿಕ್ಕ ಗಿಣಿಯ ಮೈಯಲ್ಲಿ ಒಂದು ದಿನಕ್ಕೆ ಸಾಲುವಷ್ಟು ಶಕ್ತಿಯೂ ಉಳಿಯುವುದು ಕಷ್ಟ. ಹೊರಗಿನಿಂದ ಕಾವು ಕೊಟ್ಟರೆ ಆ ಶಕ್ತಿ ಕಾಯಿಲೆಯ ಜೊತೆ ಸೆಣಸಲು ಉಳಿಯುತ್ತದೆ. ಕಾವು ಔಷಧವಲ್ಲ, ಡಾಕ್ಟರ್ ಕೈಗೆ ಸೇರುವವರೆಗೆ ವೇಳೆ ಕೊಡುತ್ತದೆ ಅಷ್ಟೇ.

ಭಯಪಡಬೇಡಿ. ಬೇಕಾದದ್ದು ಹೆಚ್ಚೇನಿಲ್ಲ: ಚಿಕ್ಕ ಪಂಜರ, ಹತ್ತಿ ಬಟ್ಟೆ, ಒಂದು ಬಲ್ಬ್ ಇಲ್ಲವೇ ಬಿಸಿನೀರಿನ ಬ್ಯಾಗ್, ಒಂದು ಡಿಜಿಟಲ್ ಥರ್ಮಾಮೀಟರ್.

ಶುರು ಮಾಡುವ ಮುಂಚೆ ಒಂದು ಮಾತು. ಅಂಗಡಿಯವರು ‘ಲವ್ ಬರ್ಡ್ಸ್’ ಎಂದು ಮಾರುವ ಬಡ್ಜಿ, ಜುಟ್ಟಿನ ಕಾಕಟೀಲ್, ಆಫ್ರಿಕಾ ಮೂಲದ ನಿಜವಾದ ಲವ್ ಬರ್ಡ್, ಇವು ಸಾಕುವ ಹಕ್ಕಿಗಳು. ನಮ್ಮ ಹೊಲದ ಹಸಿರು ಗಿಣಿಯನ್ನು ಪಂಜರದಲ್ಲಿಟ್ಟು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದು ಅಂಗಳದಲ್ಲಿ ಬಿದ್ದು ಸಿಕ್ಕಿದ್ದರೆ ಇದೇ ರೀತಿ ಬೆಚ್ಚಗಿಡಿ, ಜೊತೆಗೆ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಿ.

ಹಂತ 1: ಹಕ್ಕಿಯನ್ನು ದೂರದಿಂದ ನೋಡಿ

ಹತ್ತಿರ ಹೋದರೆ ಅದು ಹುಷಾರಾಗಿರುವಂತೆ ನಟಿಸುತ್ತದೆ. ಬಾಗಿಲ ಮರೆಯಲ್ಲಿ ನಿಂತು ಐದು ನಿಮಿಷ ಗಮನಿಸಿ. ಹಗಲಲ್ಲೂ ಪುಕ್ಕ ಉಬ್ಬಿಸಿ ಕಣ್ಣು ಮುಚ್ಚಿದೆಯೇ? ಕೋಲು ಬಿಟ್ಟು ಪಂಜರದ ತಳದಲ್ಲಿ ಕೂತಿದೆಯೇ? ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಕಾವು ಬೇಕು. ತಲೆಗೆ ಪೆಟ್ಟು ಬಿದ್ದಿರುವ ಹಕ್ಕಿ ಮಾತ್ರ ಬೇರೆ. ಫ್ಯಾನಿಗೋ ಕಿಟಕಿ ಗಾಜಿಗೋ ಬಡಿದಿದ್ದರೆ ಬಲ್ಬಿನ ಕಾವು ಕೊಡಬೇಡಿ. ಕತ್ತಲೆಯ ಶಾಂತ ಜಾಗದಲ್ಲಿಟ್ಟು ಡಾಕ್ಟರಿಗೆ ಫೋನ್ ಮಾಡಿ.

ಹಂತ 2: ಬೇರೆ ಹಕ್ಕಿಗಳಿಂದ ದೂರ ಮಾಡಿ

ಜೋಡಿ ಕೂಗುತ್ತದೆ ಎಂದು ಮರುಗಬೇಡಿ. ಹಿಕ್ಕೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಒಣಗಿದ ಹಿಕ್ಕೆಯ ದೂಳಿನಿಂದ ಮನುಷ್ಯರಿಗೂ ಹಬ್ಬುವ ಗಿಣಿ ಜ್ವರವೊಂದಿದೆ. ಪಂಜರದ ತಳದ ಪೇಪರನ್ನು ಸ್ವಲ್ಪ ಒದ್ದೆ ಮಾಡಿ ಮಡಚಿ ತೆಗೆಯಿರಿ, ಕೊಡವಬೇಡಿ.

ಹಂತ 3: ಹೊಗೆ, ಘಾಟು ಇಲ್ಲದ ಕೋಣೆ ಆರಿಸಿ

ಹೊಸಬರು ಹೆಚ್ಚು ಎಡವುವುದು ಇಲ್ಲೇ. ‘ಅಡಿಗೆಮನೆ ಬೆಚ್ಚಗಿರ್ತೈತಿ, ಅಲ್ಲೇ ಇಡು’ ಎಂದು ಮನೆಯ ಹಿರಿಯರು ಹೇಳುತ್ತಾರೆ. ಬೇಡ. ನಾನ್‌ಸ್ಟಿಕ್ ತವೆ ಖಾಲಿ ಕಾದರೆ ಬರುವ ಆವಿಗೆ ಹಕ್ಕಿ ನಿಮಿಷಗಳಲ್ಲಿ ಸತ್ತುಹೋಗಬಹುದು. ನಮಗೆ ಆ ವಾಸನೆ ಸರಿಯಾಗಿ ಗೊತ್ತೂ ಆಗುವುದಿಲ್ಲ. ಹಕ್ಕಿಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇವೆ, ಗಾಳಿ ಅದರ ಮೈತುಂಬ ಓಡಾಡುತ್ತದೆ. ವಿಷವೂ ಅಷ್ಟೇ ಬೇಗ ಒಳಗೆ ಹೋಗುತ್ತದೆ. ಇದ್ದಿಲಿನ ಶೇಗಡಿ, ಲೋಬಾನ, ಊದಿನಕಡ್ಡಿ, ಸೊಳ್ಳೆ ಬತ್ತಿ ಯಾವುದೂ ಆ ಕೋಣೆಗೆ ಬರಬಾರದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಶೇಗಡಿ ಹಚ್ಚಿದರೆ ಹಕ್ಕಿಗಷ್ಟೇ ಅಲ್ಲ, ಮಲಗಿದವರಿಗೂ ಅಪಾಯ.

ಬ್ಯಾಡಗಿಯವರಿಗೆ ಇನ್ನೊಂದು ಎಚ್ಚರಿಕೆ. ಥಂಡಿ ಕಳೆಯುವ ಮುಂಚೆಯೇ ಮೆಣಸಿನಕಾಯಿ ಸುಗ್ಗಿ ಬಂದುಬಿಡುತ್ತದೆ. ಮನೆ ಪಕ್ಕ ಚೀಲ ಇಳಿಸುತ್ತಿದ್ದರೆ, ತೊಟ್ಟು ಬಿಡಿಸುತ್ತಿದ್ದರೆ, ಖಾರ ಕುಟ್ಟುತ್ತಿದ್ದರೆ ಆ ಕಡೆಯ ಕಿಟಕಿ ಮುಚ್ಚಿ. ಕಾಯಿ ತಿಂದರೆ ಹಕ್ಕಿಗೆ ಖಾರ ಹತ್ತುವುದೇ ಇಲ್ಲ. ನಮ್ಮ ನಾಲಿಗೆ ಸುಡುವ ಕ್ಯಾಪ್ಸೈಸಿನ್ ಅದರ ನರಗಳಿಗೆ ನಾಟುವುದಿಲ್ಲ. ಹಾಗೆಂದು ಖಾರದ ದೂಳು ಉಸಿರಿನ ಜೊತೆ ಒಳಗೆ ಹೋಗುವುದು ಒಳ್ಳೆಯದಲ್ಲ, ಮೊದಲೇ ಉಸಿರು ಕಟ್ಟಿರುವ ಹಕ್ಕಿಗಂತೂ ಅಲ್ಲವೇ ಅಲ್ಲ.

ಹಂತ 4: ಪಂಜರ ಸಜ್ಜು ಮಾಡಿ

ದೊಡ್ಡ ಪಂಜರ ಬೆಚ್ಚಗಾಗುವುದಿಲ್ಲ, ಚಿಕ್ಕದೇ ಇರಲಿ. ತಳಕ್ಕೆ ಬಿಳಿ ಪೇಪರ್ ಹಾಸಿ, ಹಿಕ್ಕೆಯ ಬಣ್ಣ ಗೊತ್ತಾಗಬೇಕು. ಕೂರುವ ಕೋಲನ್ನು ತಳದಿಂದ ಎರಡು ಬೆರಳು ಎತ್ತರಕ್ಕೆ ಇಳಿಸಿ. ಸುಸ್ತಾದ ಹಕ್ಕಿ ಮೇಲಿನಿಂದ ಬೀಳಬಾರದು.

ಹಂತ 5: ಬಟ್ಟೆ ಹೊದಿಸಿ

ಹಿಂಭಾಗಕ್ಕೆ, ಒಂದು ಪಕ್ಕಕ್ಕೆ, ಮೇಲ್ಭಾಗದ ಮುಕ್ಕಾಲು ಪಾಲಿಗೆ ಹಳೆಯ ಹತ್ತಿ ಸೀರೆ ಅಥವಾ ಕೌದಿ ಸಾಕು. ಮುಂಭಾಗ ತೆರೆದಿರಲಿ. ಕಾವು ಬರುವ ಪಕ್ಕಕ್ಕೆ ಬಟ್ಟೆ ಬೇಡ. ನೈಲಾನ್ ಬೇಡ, ಎಳೆ ಬಿಟ್ಟ ಕಂಬಳಿಯೂ ಬೇಡ, ಉಗುರು ಸಿಕ್ಕಿಕೊಳ್ಳುತ್ತದೆ.

ಹಂತ 6: ಒಂದೇ ಪಕ್ಕದಿಂದ ಕಾವು ಕೊಡಿ

ಈ ಒಂದು ಹಂತ ಸರಿಯಾದರೆ ಅರ್ಧ ಕೆಲಸ ಆಯಿತು. ಪಂಜರವನ್ನೆಲ್ಲ ಬಿಸಿ ಮಾಡಬೇಡಿ. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ ಇರಬೇಕು. ಎಲ್ಲಿ ಕೂರಬೇಕೆಂದು ಹಕ್ಕಿಯೇ ಆರಿಸಿಕೊಳ್ಳುತ್ತದೆ, ನಮ್ಮ ಲೆಕ್ಕಕ್ಕಿಂತ ಅದರ ಲೆಕ್ಕ ಸರಿ.

ಬಲ್ಬ್ ಆದರೆ 60 ವ್ಯಾಟಿನ ಹಳೆಯ ತಂತಿ ಬಲ್ಬ್. ಎಲ್‌ಇಡಿಯಿಂದ ಬೆಳಕು ಬರುತ್ತದೆ, ಕಾವು ಬರುವುದಿಲ್ಲ. ಪಿಂಗಾಣಿ ಹೋಲ್ಡರ್‌ನಲ್ಲೇ ಹಾಕಿ, ಪ್ಲಾಸ್ಟಿಕ್ ಕರಗುತ್ತದೆ. ಬಲ್ಬ್ ಪಂಜರದ ಹೊರಗೇ ಇರಲಿ, ಸರಳಿಗೂ ಬಟ್ಟೆಗೂ ಒಂದು ಗೇಣು ದೂರ. ವೈರ್ ಗಿಣಿಯ ಕೊಕ್ಕಿಗೆ ಸಿಗಬಾರದು. ಕೋಳಿ ಫಾರಂನ ಬ್ರೂಡರ್ ಬಲ್ಬ್ ಸುಲಭವಾಗಿ ಸಿಗುತ್ತದೆಂದು ತರಬೇಡಿ. ಒಂದು ಚಿಕ್ಕ ಪಂಜರಕ್ಕೆ ಅದರ ಕಾವು ಅತಿಯಾಯಿತು. ಯಾವ ಹೀಟ್ ಬಲ್ಬ್ ಕೊಂಡರೂ ಟೆಫ್ಲಾನ್ ಲೇಪ ಇಲ್ಲವೆಂದು ಕೇಳಿ ತನ್ನಿ. ರಾತ್ರಿ ಬೆಳಕಿದ್ದರೆ ಹಕ್ಕಿಗೆ ನಿದ್ದೆ ಬರುವುದಿಲ್ಲ. ಬೆಳಕು ಬಿಡದ ಸೆರಾಮಿಕ್ ಹೀಟರ್ ಬಲ್ಬ್ ಸಿಕ್ಕರೆ ಒಳ್ಳೆಯದು.

ಅದಿಲ್ಲದಿದ್ದರೆ ಬಿಸಿನೀರಿನ ಬ್ಯಾಗ್. ಟವೆಲ್ ಸುತ್ತಿ ಪಂಜರದ ಅರ್ಧ ತಳದ ಕೆಳಗೆ, ಹೊರಗಡೆಯಿಂದ ಇಡಿ. ಎರಡು ಬ್ಯಾಗ್ ಇದ್ದರೆ ಒಂದು ತಣಿಯುವಷ್ಟರಲ್ಲಿ ಇನ್ನೊಂದು ತಯಾರು. ತಣ್ಣಗಾದ ಬ್ಯಾಗನ್ನು ಮಾತ್ರ ಅಲ್ಲೇ ಬಿಡಬೇಡಿ, ಅದು ಹಕ್ಕಿಯ ಕಾವನ್ನೇ ಹೀರುತ್ತದೆ.

ಹಂತ 7: ಅಳೆಯಿರಿ

ಹಕ್ಕಿಯನ್ನು ಇನ್ನೂ ಬಿಡಬೇಡಿ. ಥರ್ಮಾಮೀಟರನ್ನು ಹಕ್ಕಿ ಕೂರುವ ಎತ್ತರದಲ್ಲಿ, ಬೆಚ್ಚಗಿನ ತುದಿಯಲ್ಲಿ ಕಟ್ಟಿ. ಅರ್ಧ ಗಂಟೆ ಬಿಟ್ಟು ನೋಡಿ. 28ರಿಂದ 30 ಡಿಗ್ರಿ ಇದ್ದರೆ ಸರಿ, 32 ದಾಟಬಾರದು. ಹೆಚ್ಚಾದರೆ ಬಲ್ಬ್ ಹಿಂದೆ ಸರಿಸಿ. ಕೈಯಿಟ್ಟು ಅಂದಾಜು ಮಾಡುವುದನ್ನು ನಾನು ಒಪ್ಪುವುದಿಲ್ಲ. ಥರ್ಮಾಮೀಟರ್ ಅಗ್ಗದ ವಸ್ತು.

ಹಂತ 8: ಹಕ್ಕಿಯನ್ನು ಒಳಗೆ ಬಿಡಿ

ದೀಪ ಮಂದ ಮಾಡಿ, ಮೆತ್ತನೆಯ ಟವೆಲ್‌ನಲ್ಲಿ ಹಿಡಿಯಿರಿ. ಎದೆ ಒತ್ತಬೇಡಿ. ಎದೆ ಅಲುಗಾಡದಿದ್ದರೆ ಹಕ್ಕಿಗೆ ಉಸಿರಾಡಲು ಆಗುವುದಿಲ್ಲ.

ಹಂತ 9: ಮೊದಲ ಒಂದು ಗಂಟೆ ಕಣ್ಣಿಡಿ

ಬಾಯಿ ತೆರೆದು ಏದುತ್ತಾ, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು, ಪುಕ್ಕ ಮೈಗಂಟಿಸಿಕೊಂಡಿದ್ದರೆ ಸೆಕೆ ಹೆಚ್ಚಾಗಿದೆ, ಕೂಡಲೇ ಕಡಿಮೆ ಮಾಡಿ. ಉಬ್ಬಿದ ಪುಕ್ಕ ನಿಧಾನಕ್ಕೆ ಇಳಿದು, ಸುತ್ತ ನೋಡಲು ಶುರುಮಾಡಿದರೆ ನೀವು ಗೆದ್ದಿರಿ.

ಹಂತ 10: ನೀರು ಮತ್ತು ಕಾಳು ಕೈಗೆಟುಕುವಲ್ಲಿಡಿ

ಅಂದರೆ ಕೊಕ್ಕಿಗೆ ಎಟುಕುವಲ್ಲಿ. ದಿನಾ ತಿನ್ನುವ ನವಣೆ, ಸಜ್ಜೆಯೇ ಇರಲಿ. ಕಾಯಿಲೆ ಹೊತ್ತಲ್ಲಿ ಹೊಸ ರುಚಿ ಕಲಿಸಬೇಡಿ. ಕಾವಿಗೆ ಗಾಳಿ ಒಣಗುತ್ತದೆ, ಒಂದು ಬಟ್ಟಲಲ್ಲಿ ಒದ್ದೆ ಸ್ಪಂಜು ಇಡಿ. ಮೈ ತಣ್ಣಗಿರುವಾಗ ಸಿರಿಂಜ್‌ನಿಂದ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋದರೆ ಮುಗಿಯಿತು. ಹನಿ ಬ್ರಾಂಡಿ, ಮಕ್ಕಳ ಜ್ವರದ ಸಿರಪ್, ಮೈಗೆ ವಿಕ್ಸ್ ಅಥವಾ ಎಣ್ಣೆ, ಇವೆಲ್ಲ ಊರಿನ ಮದ್ದುಗಳು, ಬೇಡವೇ ಬೇಡ. ಎಣ್ಣೆ ಹತ್ತಿದ ಪುಕ್ಕ ಗಾಳಿ ಹಿಡಿಯುವುದಿಲ್ಲ, ಹಕ್ಕಿ ಇನ್ನೂ ತಣ್ಣಗಾಗುತ್ತದೆ.

ಹಂತ 11: ಕರೆಂಟ್ ಹೋದರೆ

ಹೆಸ್ಕಾಂ ಕರೆಂಟ್ ಹೋಗುವುದು ಹೊಸದೇನಲ್ಲ. ಥರ್ಮಾಸ್‌ನಲ್ಲಿ ಬಿಸಿನೀರು, ಪಕ್ಕದಲ್ಲಿ ಬ್ಯಾಗ್, ಸಂಜೆಯೇ ತಯಾರಿರಲಿ. ಮೇಣದಬತ್ತಿ, ಸೀಮೆಎಣ್ಣೆ ದೀಪ ಪಂಜರದ ಹತ್ತಿರ ತರಬೇಡಿ.

ಹಂತ 12: ಡಾಕ್ಟರ್ ಹತ್ತಿರ ಹೋಗಿ

ನಾಳೆ ನೋಡೋಣ ಎನ್ನಬೇಡಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಅಲ್ಲಿ ದಿನವೂ ಬರುವುದು ಎಮ್ಮೆ, ಆಕಳು, ಕುರಿ. ‘ಹಕ್ಕಿ ನೋಡುತ್ತೀರಾ ಸರ್?’ ಎಂದು ಫೋನಿನಲ್ಲೇ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ. ಅಲ್ಲಿ ಆಗದಿದ್ದರೆ ಶಿವಮೊಗ್ಗದಲ್ಲೂ ಗದಗದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಹಿಕ್ಕೆ ಬಿದ್ದ ಪೇಪರನ್ನು ಬಿಸಾಡದೆ ಮಡಚಿ ಜೊತೆಗೊಯ್ಯಿರಿ. ದಾರಿಯಲ್ಲಿ ಪಂಜರಕ್ಕೆ ಬಟ್ಟೆ, ಮಗ್ಗುಲಿಗೆ ಬಿಸಿನೀರಿನ ಬ್ಯಾಗ್. ಬೈಕಿನ ಮೇಲೆ ಬೇಡ, ಆ ಥಂಡಿ ಗಾಳಿಗೆ ಇಷ್ಟು ಹೊತ್ತು ಪಟ್ಟ ಪಾಡೆಲ್ಲ ವ್ಯರ್ಥ.

ಹಂತ 13: ಗುಣವಾದ ಮೇಲೆ ಕಾವು ನಿಧಾನಕ್ಕೆ ಇಳಿಸಿ

ಹಕ್ಕಿ ತಾನಾಗಿ ತಿಂದು, ಕಿಚಿಕಿಚಿ ಶುರುಮಾಡಿತೆಂದು ಬಲ್ಬನ್ನು ಒಮ್ಮೆಲೇ ಆರಿಸಬೇಡಿ. ದಿನಕ್ಕೆ ಒಂದೆರಡು ಡಿಗ್ರಿಯಂತೆ ಇಳಿಸಿ. ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ತೂಕ ಇಳಿಯುತ್ತಿದ್ದರೆ ಕಾವು ಮತ್ತೆ ಏರಿಸಿ, ಡಾಕ್ಟರಿಗೆ ತಿಳಿಸಿ. ಕೋಣೆಯ ಕಾವಿಗೆ ಒಗ್ಗಿದ ಮೇಲೆ ಹತ್ತು ಗಂಟೆಯ ಬಿಸಿಲಿಗೆ ಇಪ್ಪತ್ತು ನಿಮಿಷ ಇಡಬಹುದು, ಪಂಜರದ ಅರ್ಧಕ್ಕೆ ನೆರಳು ಇರಲೇಬೇಕು. ಆ ಇಪ್ಪತ್ತು ನಿಮಿಷ ನೀವೂ ಪಕ್ಕದಲ್ಲೇ ಕೂತಿರಿ. ಬೆಕ್ಕು, ಕಾಗೆ ಎರಡೂ ಕಾಯುತ್ತಿರುತ್ತವೆ.