ಕೂಸಿನ ಕಾಗದ

ದಾಮರಗಿದ್ದ,
ನಾರಾಯಣಪೇಟೆ ಜಿಲ್ಲೆ

ಚಿ. ಸೌ. ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದ.

ನಿನಗೆ ಏಳು ತುಂಬಿತೆಂದೂ ಹೆರಿಗೆ ಶಾರ್ಜಾದಲ್ಲೇ ಎಂದು ನಿಶ್ಚಯವಾಗಿದೆಯೆಂದೂ ನಿಮ್ಮಪ್ಪ ಹೇಳಿದ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದೆ ಮತ್ತೆಲ್ಲಿ ಎಂದು ನಿಮ್ಮವ್ವ ಮುಖ ಸಣ್ಣ ಮಾಡಿಕೊಂಡಿದ್ದಾಳೆ. ಅಳಿಯಂದಿರಿಗೆ ರಜೆ ಇಲ್ಲ, ವಿಮಾನ ಬೇಡವೆಂದು ಡಾಕ್ಟರು ಅಂದಿದ್ದಾರೆ. ಆ ವಾದದಲ್ಲಿ ನಾನು ತಲೆ ಹಾಕುವುದಿಲ್ಲ. ತಹಸೀಲು ಕಚೇರಿಯ ಮುಂದೆ ಕೂತು ಮಂದಿಯ ಅರ್ಜಿ ಬರೆದುಕೊಡುತ್ತಲೇ ಕೂದಲು ನೆರೆತವನು ನಾನು. ಬಾಣಂತನದ ಮಾತು ಹೇಳಲು ನಿಮ್ಮವ್ವ ಇದ್ದಾಳೆ, ಕಾಗದದ ಮಾತು ನನಗಿರಲಿ. ಮಕ್ತಲ, ಗದ್ವಾಲ, ಕೃಷ್ಣಾ ಕಡೆಯಿಂದ ಹೊರದೇಶಕ್ಕೆ ಹೋಗಿ ಸಂಸಾರ ಹೂಡಿದ ಹುಡುಗಿಯರು ನೀನೊಬ್ಬಳೇ ಅಲ್ಲವಲ್ಲ, ಅದಕ್ಕೇ ಈ ಪತ್ರವನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

'ತಂದೆ ತಾಯಿ ಇಬ್ಬರೂ ಇಂಡಿಯಾದವರು, ಹುಟ್ಟುವ ಕೂಸು ಇಂಡಿಯಾದ್ದೇ. ಅದರಲ್ಲಿ ಬರೆದುಕೊಡುವುದೇನಿದೆ?' ಎಂದ ನಿಮ್ಮಪ್ಪ. ನಮ್ಮೂರಿನಲ್ಲೋ ಮಹಬೂಬನಗರದ ಆಸ್ಪತ್ರೆಯಲ್ಲೋ ಹುಟ್ಟಿದ್ದರೆ ಅವನ ಮಾತು ಸರಿ. ಈ ನೆಲದ ಮೇಲೆ, ಇಬ್ಬರೂ ಪ್ರಜೆಗಳಾದ ದಂಪತಿಗೆ ಹುಟ್ಟಿದ ಮಗು ಹುಟ್ಟಿನಿಂದಲೇ ಭಾರತೀಯ. ಜನನ ಪ್ರಮಾಣಪತ್ರ ತಂದು ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು. ಹೊರಗೆ ಹುಟ್ಟಿದ ಮಗುವಿನ ಲೆಕ್ಕ ಬೇರೆ. ಅದಕ್ಕೆ ಪೌರತ್ವ ಬರುವುದು ವಂಶದಿಂದ, ಪೌರತ್ವ ಕಾಯ್ದೆಯ 4ನೇ ಕಲಮಿನ ಪ್ರಕಾರ. 2004ರ ಡಿಸೆಂಬರ್ 3ರಿಂದ ಆ ಕಲಮಿಗೊಂದು ಷರತ್ತು ಬಿದ್ದಿದೆ. ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಆ ಜನನ ನೋಂದಣಿಯಾಗಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಬರೆದುಕೊಡಬೇಕು. ಇಲ್ಲವಾದರೆ ಇಬ್ಬರೂ ಅಪ್ಪಟ ದಾಮರಗಿದ್ದದವರಾದರೂ ಮಗು ಕಾನೂನಿನ ಕಣ್ಣಿಗೆ ಭಾರತೀಯವಲ್ಲ. ವರ್ಷ ದಾಟಿದ ಮೇಲೂ ದಾರಿಯಿದೆ, ಆದರೆ ಆಗ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಂಥ ಅನುಮತಿಗೆ ಕಾಯುವುದೆಂದರೆ ಏನೆಂದು ನನ್ನ ಎದುರು ಕೂತು ಅರ್ಜಿ ಬರೆಸಿದ ಯಾರನ್ನು ಬೇಕಾದರೂ ಕೇಳು.

ನಮ್ಮ ಕಡೆಯವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜವೇ. ನಾವು ಕೂತಲ್ಲೇ ಕೂತಿದ್ದೆವು, ಸರ್ಕಾರಗಳು ಬಂದುಹೋದವು. ನಿಜಾಮರ ಕಾಲದಲ್ಲಿ ಸರ್ಕಾರಿ ನೌಕರಿಗೆ ಮುಲ್ಕಿ, ಅಂದರೆ ಸ್ಥಳೀಯ ಎಂಬ ಅರ್ಹತೆ ಬೇಕಿತ್ತು. ಹೊರಗಿನಿಂದ ಬಂದವನು 15 ವರ್ಷ ನೆಲೆಸಿ ಅದನ್ನು ಗಳಿಸಬೇಕಿತ್ತು, ಇಲ್ಲಿ ಹುಟ್ಟಿದವನಿಗೆ ಆ ಚಿಂತೆಯೇ ಇರಲಿಲ್ಲ. 1950ರ ಜನವರಿ 26ರಂದು ನಿನ್ನ ಮುತ್ತಜ್ಜ ಸಂವಿಧಾನದ 5ನೇ ವಿಧಿಯ ಪ್ರಕಾರ ಭಾರತದ ಪ್ರಜೆಯಾದ. ಅದಕ್ಕಾಗಿ ಅವನು ಹೆಬ್ಬೆಟ್ಟೂ ಒತ್ತಲಿಲ್ಲ, ಆ ದಿನ ಹೊಲದಲ್ಲಿ ತೊಗರಿ ರಾಶಿ ಮಾಡುತ್ತಿದ್ದಿರಬೇಕು. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಒಡೆಯಿತು. ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ರಾಯಚೂರು ಜಿಲ್ಲೆಯಿಂದಲೂ, ಕೊಡಂಗಲ್, ತಾಂಡೂರುಗಳನ್ನು ಗುಲಬರ್ಗಾದಿಂದಲೂ ತೆಗೆದು ಆಂಧ್ರಕ್ಕೆ ಸೇರಿಸಿದರು. ರಾಯಚೂರು ಅತ್ತ, ನಾವು ಇತ್ತ. 2014ರ ಜೂನ್ 2ಕ್ಕೆ ತೆಲಂಗಾಣವಾಯಿತು, 2019ರ ಫೆಬ್ರವರಿ 17ಕ್ಕೆ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಇಷ್ಟಾದರೂ ಪೌರತ್ವಕ್ಕಾಗಿ ನಾವು ಯಾರ ಬಾಗಿಲೂ ಬಡಿಯಲಿಲ್ಲ. (ಕಾಲೇಜು ಸೀಟಿನ ಕಥೆ ಬೇರೆ. ಕನ್ನಡ ಓದಲೆಂದು ಮಕ್ಕಳನ್ನು ರಾಯಚೂರಿಗೆ ಕಳಿಸಿದವರು ವಾಪಸು ಬಂದಾಗ 'ನಾನ್ ಲೋಕಲ್' ಎನಿಸಿಕೊಂಡು ಪಟ್ಟ ಪಾಡು ನಿನಗೆ ಗೊತ್ತೇ ಇದೆ.) ಹೀಗೆ ಕೂತಲ್ಲೇ ಎಲ್ಲ ಪಡೆದವರಿಗೆ, ಎದ್ದು ಹೋದವರು ಕೇಳಿ ಪಡೆಯಬೇಕೆಂದರೆ ತಲೆಗೆ ಹತ್ತುವುದು ನಿಧಾನ.

ಗಲ್ಫಿನಲ್ಲಿರುವ ನಿಮಗೆ ಒಂದು ಅನುಕೂಲವಿದೆ. ಅಲ್ಲಿನ ಸರ್ಕಾರ ನಮ್ಮ ಮಕ್ಕಳಿಗೆ ತನ್ನ ಪೌರತ್ವ ಕೊಡುವುದಿಲ್ಲ. ಹುಟ್ಟಿದ 120 ದಿನಗಳೊಳಗೆ ಕೂಸಿಗೆ ನಿವಾಸ ವೀಸಾ ಆಗದಿದ್ದರೆ ದಿನಕ್ಕಿಷ್ಟೆಂದು ದಂಡ ಹಾಕುತ್ತದೆ. ವೀಸಾಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ದೂತಾವಾಸದ ನೋಂದಣಿ ಬೇಕು. ಆ ದಂಡದ ಭಯಕ್ಕೇ ನಮ್ಮ ಕಾನೂನಿನ ಗಡುವು ತಾನಾಗಿ ಪಾಲನೆಯಾಗುತ್ತದೆ. ಸಿಕ್ಕಿಬೀಳುವವರು ವೀಸಾ ಮುಗಿದು ಅಡಗಿ ದುಡಿಯುವವರು, ಮಾಲೀಕನ ಕೈಯಲ್ಲಿ ಪಾಸ್‌ಪೋರ್ಟ್ ಕೊಟ್ಟು ಓಡಿಬಂದವರು. ಹಿಡಿದಾರೆಂಬ ಅಂಜಿಕೆಯಲ್ಲಿ ಅವರು ದೂತಾವಾಸದ ಕಡೆ ಸುಳಿಯುವುದಿಲ್ಲ, ಮಗು ಯಾವ ದೇಶದ ಲೆಕ್ಕಕ್ಕೂ ಸೇರದೆ ಬೆಳೆಯುತ್ತದೆ. ಯುಎಇ 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಕ್ಷಮಾದಾನ ಘೋಷಿಸಿದ್ದು ಇಂಥವರಿಗಾಗಿಯೇ. ನಿಮ್ಮ ಓಣಿಯಲ್ಲಿ ಹಾಗೆ ಯಾರಾದರೂ ಇದ್ದರೆ ಕೈಹಿಡಿದು ಕರೆದುಕೊಂಡು ಹೋಗು. ದೂತಾವಾಸ ಪೊಲೀಸ್ ಠಾಣೆಯಲ್ಲ.

ಶಾರ್ಜಾ ದುಬೈಯ ಕಾನ್ಸುಲೇಟಿಗೆ ಸೇರುತ್ತದೆ, ಅಬುಧಾಬಿಗಲ್ಲ. ಆಸ್ಪತ್ರೆಯಿಂದ ಜನನದ ಕಾಗದ ಬಂದಕೂಡಲೇ ಭಾರತ ಸರ್ಕಾರದ ಪೌರತ್ವ ಪೋರ್ಟಲಿನಲ್ಲಿ ಅರ್ಜಿ ತುಂಬಿ, ಅಚ್ಚು ತೆಗೆದು, ಇಬ್ಬರೂ ರುಜು ಹಾಕಿ ಕೊಡಬೇಕು. ಮದುವೆಯ ಪ್ರಮಾಣಪತ್ರ ಕೇಳುತ್ತಾರೆ. ನಿಮ್ಮ ಮದುವೆ ಊರಲ್ಲೇ ಆಗಿದ್ದು, ಫೋಟೋ ಆಲ್ಬಂ ದಪ್ಪಗಿದೆ, ನೋಂದಣಿ ಮಾತ್ರ ಆಗಿಲ್ಲವೆಂದು ನಿಮ್ಮಪ್ಪ ಈಗ ಬಾಯಿಬಿಟ್ಟ. ಆಲ್ಬಂ ನೋಡಿ ಯಾವ ಕಚೇರಿಯೂ ಪ್ರಮಾಣಪತ್ರ ಕೊಡುವುದಿಲ್ಲ. ಅದರ ವ್ಯವಸ್ಥೆ ನಾನು ನೋಡುತ್ತೇನೆ. ನೀವಿಬ್ಬರೂ ಕೊಡಬೇಕಾದ ಕಾಗದಗಳನ್ನು ಈ ವಾರವೇ ಕಳಿಸಿ, ಹೆರಿಗೆ ನೋವು ಬಂದ ಮೇಲೆ ಹುಡುಕಬೇಡಿ.

ಹೆಸರುಗಳ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ನಾನು ಬರೆದ ಅರ್ಜಿಗಳಲ್ಲಿ ಅರ್ಧಕ್ಕರ್ಧ ಹೆಸರಿನ ತಕರಾರಿನವೇ. ಶಾಲೆಯ ರಿಜಿಸ್ಟರಿನಲ್ಲಿ ತೆಲುಗು ಪದ್ಧತಿಯಂತೆ ಮನೆತನದ ಹೆಸರು ಮುಂದೆ, ಆಧಾರಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಒಂದಕ್ಷರಕ್ಕೆ ಇಳಿದಿರುತ್ತದೆ. ಊರಿನ ಹೆಸರಂತೂ ಇಂಗ್ಲಿಷಿನಲ್ಲಿ ಬರೆದವರ ಕೈಗೆ ತಕ್ಕಂತೆ. ಒಬ್ಬ 'ಎಚ್' ಸೇರಿಸಿದರೆ ಇನ್ನೊಬ್ಬ ಒಂದು 'ಡಿ' ನುಂಗುತ್ತಾನೆ. ಅಲ್ಲಿ ಇದೆಲ್ಲ ಅರಬ್ಬಿಗೆ ಹೋಗಿ ಮತ್ತೆ ಇಂಗ್ಲಿಷಿಗೆ ಬರುತ್ತದೆ. ಜನನ ಪ್ರಮಾಣಪತ್ರ ಕೈಗೆ ಬಂದಾಗ ಅಲ್ಲೇ ನಿಂತು, ನಿಮ್ಮಿಬ್ಬರ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ನೋಡಿ. ಕೌಂಟರಿನ ಮುಂದೆ ತಿದ್ದಿಸುವುದು ಹತ್ತು ನಿಮಿಷದ ಕೆಲಸ, ಆಮೇಲೆ ತಿದ್ದಿಸಲು ಹತ್ತು ತಿಂಗಳು ಬೇಕಾದೀತು. ಕೂಸಿಗೆ ಹೆಸರಿನ ಎರಡೂ ಕಾಲಮು ತುಂಬಿಸಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಯುಎಇ 2022ರ ನವೆಂಬರಿನಲ್ಲಿ ವಿಸಿಟ್ ವೀಸಾ ನಿಲ್ಲಿಸಿದ್ದು ನೆನಪಿರಲಿ. ಅಳಿಯಂದಿರ ಹಳೆಯ ಕಾಗದಗಳಲ್ಲಿ 'ಮಹಬೂಬನಗರ ಜಿಲ್ಲೆ, ಆಂಧ್ರಪ್ರದೇಶ' ಎಂದಿದ್ದರೆ ಗಾಬರಿ ಬೇಡ. ಅವರು ಹುಟ್ಟಿದಾಗ ಅದು ಹಾಗೇ ಇತ್ತು, ತಪ್ಪಲ್ಲ.

ಈಗ ನಿಮ್ಮಪ್ಪ ಕೊಟ್ಟ ಸಲಹೆಗೆ ಬರುತ್ತೇನೆ. ಪೇಟೆಯ ಏಜೆಂಟೊಬ್ಬ ಹೇಳಿದನಂತೆ: 'ಅಷ್ಟೆಲ್ಲ ಯಾಕೆ, ಮಗು ಇಲ್ಲೇ ಹುಟ್ಟಿದ್ದೆಂದು ಒಂದು ಸರ್ಟಿಫಿಕೇಟ್ ಮಾಡಿಸಿಬಿಡೋಣ.' ಆ ಮಾತು ಕಿವಿಗೆ ಹಾಕಿಕೊಳ್ಳಬೇಡ. ಶಾರ್ಜಾದ ಆಸ್ಪತ್ರೆಯ ದಾಖಲೆ ಎಲ್ಲಿ ಹೋಗುತ್ತದೆ? ಆ ದಿನ ನೀನು ಅಲ್ಲಿದ್ದೆಯೆಂದು ನಿನ್ನ ಪಾಸ್‌ಪೋರ್ಟಿನ ಮುದ್ರೆಯೇ ಹೇಳುತ್ತದೆ. ಸುಳ್ಳು ಹೇಳಿ ಪಡೆದ ಪಾಸ್‌ಪೋರ್ಟನ್ನು ಕಿತ್ತುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ, ಸುಳ್ಳು ಹೇಳಿದವರಿಗೆ ಜೈಲೂ ಇದೆ. ಆಧಾರ್ ಮಾಡಿಸಿದರೆ ಸಾಕೆಂದು ಹೇಳುವವರೂ ಇದ್ದಾರೆ. ಆಧಾರ್ ಇಲ್ಲಿ ವಾಸವಿದ್ದಾನೆ ಎನ್ನುತ್ತದೆ, ಪ್ರಜೆ ಎನ್ನುವುದಿಲ್ಲ.

ಅಮೆರಿಕದಲ್ಲಿರುವ ನಿನ್ನಣ್ಣನ ಮನೆಯ ಕಥೆ ನಿನ್ನದಕ್ಕೆ ತದ್ವಿರುದ್ಧ. ಅಲ್ಲಿ ಹುಟ್ಟಿದ ಮಗು ಅಮೆರಿಕದ್ದೇ ಎಂದು ಅವರ ಸಂವಿಧಾನದ 14ನೇ ತಿದ್ದುಪಡಿ 1868ರಲ್ಲೇ ಹೇಳಿತು. ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಅದನ್ನು ತಪ್ಪಿಸಲು 2025ರ ಜನವರಿ 20ರಂದು ಟ್ರಂಪ್ ಆದೇಶ ಹೊರಡಿಸಿದಾಗ ನಿನ್ನತ್ತಿಗೆ ರಾತ್ರಿ ಫೋನ್ ಮಾಡಿ ಅತ್ತಿದ್ದಳು. ಕೋರ್ಟುಗಳು ತಡೆ ಕೊಟ್ಟವು, ವ್ಯಾಜ್ಯ ಸುಪ್ರೀಂ ಕೋರ್ಟ್ ತನಕ ಹೋಯಿತು. ನಿನ್ನಣ್ಣನ ದೊಡ್ಡವನು ಮಹಬೂಬನಗರದಲ್ಲಿ ಹುಟ್ಟಿದ ಭಾರತೀಯ, ಚಿಕ್ಕವಳು ಅಮೆರಿಕದವಳು. ಒಂದೇ ತಟ್ಟೆಯಲ್ಲಿ ಉಣ್ಣುವ ಮಕ್ಕಳು ವಿಮಾನ ನಿಲ್ದಾಣದಲ್ಲಿ ಬೇರೆ ಬೇರೆ ಸಾಲಿನಲ್ಲಿ ನಿಲ್ಲಬೇಕು.

ಅಮೆರಿಕದಲ್ಲಿ ಹುಟ್ಟಿದ ಇಂಥವನೇ ಒಬ್ಬ ಮೊಮ್ಮಗನನ್ನು ಕರೆದುಕೊಂಡು ಹಿರಿಯರೊಬ್ಬರು ನನ್ನ ಹತ್ತಿರ ಬಂದಿದ್ದರು. ಮಗ ಸೊಸೆ ಅಮೆರಿಕದಲ್ಲಿ ದುಡಿಯುತ್ತಾರೆ, ಹುಡುಗ ಅಜ್ಜಿಯ ಮಡಿಲಲ್ಲಿ ಬೆಳೆಯುತ್ತಿದ್ದಾನೆ. ಶಾಲೆಯವರು ಏನೋ ಕೇಳಿದರೆಂದು ಚೀಲದಿಂದ ಅವನ ಪಾಸ್‌ಪೋರ್ಟ್ ತೆಗೆದು ಕೊಟ್ಟರು. ಅದೂ ನೀಲಿ, ನಮ್ಮದೂ ನೀಲಿ, ಹಾಗಾಗಿ ಅದು ಇಂಡಿಯಾದ ಪಾಸ್‌ಪೋರ್ಟೇ ಎಂದು ಅವರು ತಿಳಿದಿದ್ದರು. ಮೇಲೆ ಸಿಂಹಗಳ ಬದಲು ಹದ್ದು ಇತ್ತು, ಒಳಗಿನ ವೀಸಾ ಮುಗಿದುಹೋಗಿತ್ತು. ಹುಟ್ಟಿ ತಿಂಗಳಾಗುವ ಮುಂಚೆ ಇಲ್ಲಿಗೆ ಬಂದ ಆ ಹುಡುಗ, ಕನ್ನಡ ತೆಲುಗು ಬಿಟ್ಟು ಬೇರೆ ಮಾತಾಡದವನು, ಕಾನೂನಿನ ಪ್ರಕಾರ ಗಡುವು ಮೀರಿ ಉಳಿದ ವಿದೇಶಿ. ಹೈದರಾಬಾದಿನ ವಿದೇಶಿಯರ ನೋಂದಣಿ ಕಚೇರಿಗೆ ಅರ್ಜಿ ಬರೆದುಕೊಟ್ಟು, ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡು ಮಾಡಿಸಲು ಹೇಳಿ ಕಳಿಸಿದೆ. ಅವನು ಹೀಗೇ ಇಲ್ಲಿ ಬೆಳೆದು ಇಲ್ಲಿನವಳನ್ನೇ ಮದುವೆಯಾದರೆ, ತನ್ನ ಅಮೆರಿಕದ ಪೌರತ್ವವನ್ನು ಇಲ್ಲಿ ಹುಟ್ಟುವ ಮಕ್ಕಳಿಗೆ ದಾಟಿಸಲಾರ. ಅದಕ್ಕೆ ಅವನು ಅಮೆರಿಕದಲ್ಲಿ ಐದು ವರ್ಷ ಇದ್ದಿರಬೇಕು, ಅದರಲ್ಲಿ ಎರಡು ವರ್ಷವಾದರೂ 14 ತುಂಬಿದ ಮೇಲಿನವಾಗಿರಬೇಕು. ಆ ಮಕ್ಕಳು ತಾಯಿಯ ಕಡೆಯಿಂದ ಮತ್ತೆ ಭಾರತೀಯರಾಗುತ್ತಾರೆ. ಇದನ್ನು ಬಿಡಿಸಿ ಹೇಳಿದಾಗ ಆ ಅಜ್ಜ ನಕ್ಕು, 'ಹಾಗಾದರೆ ನಡುವಿನ ಇವನೊಬ್ಬನೇ ಪರದೇಶಿ' ಎಂದರು.

ಓಸಿಐ ಎಂದರೆ ಎರಡನೇ ಪೌರತ್ವ ಎಂದು ಊರಲ್ಲೆಲ್ಲ ನಂಬಿಕೆ. 2006ರ ಜನವರಿಯಲ್ಲಿ ಮನಮೋಹನ ಸಿಂಗರು ಮೊದಲ ಕಾರ್ಡುಗಳನ್ನು ಕೊಟ್ಟಿದ್ದು ನಮ್ಮ ಹೈದರಾಬಾದಿನಲ್ಲೇ, ಪ್ರವಾಸಿ ಭಾರತೀಯ ದಿವಸದ ಸಮಾರಂಭದಲ್ಲಿ. ಅದು ಆಜೀವ ವೀಸಾ, ಅಷ್ಟೇ. ಓಟಿಲ್ಲ. ಹೊಲ ಕೊಳ್ಳುವಂತಿಲ್ಲ, ಅಜ್ಜ ಪ್ರೀತಿಯಿಂದ ದಾನಪತ್ರ ಬರೆದುಕೊಟ್ಟರೂ ಪಡೆಯುವಂತಿಲ್ಲ, ವಾರಸಾಗಿ ಬಂದರೆ ಮಾತ್ರ ಇಟ್ಟುಕೊಳ್ಳಬಹುದು. 2021ರ ಮಾರ್ಚ್ 4ರ ಅಧಿಸೂಚನೆಯ ನಂತರ ಕಾರ್ಡು ಪಡೆದವರಿಗೆ ವೈದ್ಯಕೀಯ ಸೀಟು ಎನ್‌ಆರ್‌ಐ ಕೋಟಾದಲ್ಲೇ. ಅದಕ್ಕೂ ಮುಂಚಿನ ಕಾರ್ಡಿನವರ ಹಕ್ಕನ್ನು ಸುಪ್ರೀಂ ಕೋರ್ಟ್ 2023ರ ಫೆಬ್ರವರಿಯಲ್ಲಿ ಉಳಿಸಿತು.

ನಾಳೆ ನಿಮಗೂ ಕೆನಡಾ, ಸಿಂಗಪುರ ಎಂದು ಮನಸ್ಸಾದೀತು. ಬೇಡವೆನ್ನಲಾರೆ, ಆದರೆ ಇದೊಂದು ತಿಳಿದಿರಲಿ. ಸಿಂಗಪುರದಲ್ಲಿದ್ದ ದಂಪತಿ ತಾಯಿ ಗರ್ಭಿಣಿಯಾಗಿದ್ದಾಗಲೇ ಆ ದೇಶದ ಪೌರತ್ವ ತೆಗೆದುಕೊಂಡರು, ಮಗು ಹುಟ್ಟಿದ್ದು 1999ರಲ್ಲಿ. ಬೆಳೆದ ಮೇಲೆ ಆ ಹುಡುಗ ಭಾರತದ ಪೌರತ್ವ ಬೇಕೆಂದು ಬಂದ. ಮದ್ರಾಸ್ ಹೈಕೋರ್ಟ್ ಅವನ ಪರವಾಯಿತು. 2024ರ ಅಕ್ಟೋಬರ್ 18ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ತಂದೆ ತಾಯಿ ಬೇರೆ ಪೌರತ್ವ ಪಡೆದ ಕ್ಷಣವೇ ಭಾರತದ್ದು ತಾನಾಗಿ ಹೋಯಿತು, ಅಜ್ಜ ಅಜ್ಜಿ ಈ ನೆಲದಲ್ಲಿ ಹುಟ್ಟಿದವರೆಂಬುದು ಸಾಲದು ಎಂದಿತು. ನನಗೆ ಆ ತೀರ್ಪು ಕಾನೂನಿಗೆ ಸರಿ, ಹುಡುಗನಿಗೆ ಕಠೋರ ಎನ್ನಿಸಿತು. ಹೆತ್ತವರು ಹಾಕಿದ ರುಜು, ತೆತ್ತವನು ಅವನು.

ನಮ್ಮ ಕಾನೂನಿನಲ್ಲಿ ಒಂದು ಉದಾರತೆಯೂ ಇದೆ. ಬ್ರಿಟನ್ನು 1983ರಿಂದ, ವಂಶದಿಂದ ಪೌರತ್ವ ಪಡೆದವರು ಹೊರಗೆ ಹಡೆದರೆ ಮುಂದಿನ ತಲೆಮಾರಿಗೆ ಅದು ತಾನಾಗಿ ದಾಟದಂತೆ ಮಾಡಿತು. ನಮ್ಮಲ್ಲಿ ತಲೆಮಾರಿನ ಮಿತಿಯಿಲ್ಲ. ನಿನ್ನ ಮಗುವಿನ ಮಗು ಶಾರ್ಜಾದಲ್ಲೇ ಹುಟ್ಟಿದರೂ ಇದೇ ದಾರಿ, ಇದೇ ಒಂದು ವರ್ಷ. ಇನ್ನೊಂದು ಮಾತು ನಿನಗಾಗಿ. 1992ರ ಡಿಸೆಂಬರ್ 10ರ ತನಕ ಹೊರಗೆ ಹುಟ್ಟಿದ ಮಗುವಿಗೆ ಪೌರತ್ವ ದಾಟಿಸುವ ಹಕ್ಕು ತಂದೆಗೆ ಮಾತ್ರ ಇತ್ತು, ತಾಯಿ ಲೆಕ್ಕಕ್ಕಿರಲಿಲ್ಲ. ನಿನ್ನ ಪಕ್ಕದ ಕುವೈತಿನಲ್ಲಿ ಹೆಂಗಸರಿಗೆ ಇನ್ನೂ ಆ ಹಕ್ಕಿಲ್ಲ. ಆದ್ದರಿಂದ ಅರ್ಜಿಯನ್ನು ಅಳಿಯಂದಿರ ಮೇಲೆ ಬಿಟ್ಟು ಕೂರಬೇಡ, ನೀನೇ ಓದಿ ರುಜು ಹಾಕು.

ಮದುವೆ ನೋಂದಣಿಗೆ ಬೇಕಾದುದು: ನಿಮ್ಮಿಬ್ಬರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ಹತ್ತನೇ ತರಗತಿಯ ಅಂಕಗಳ ಮೆಮೊ, ಲಗ್ನಪತ್ರಿಕೆ, ನಾಲ್ಕು ಫೋಟೋ. ನಿಮ್ಮಪ್ಪನ ವಾಟ್ಸಾಪಿಗೆ ಹಾಕಬೇಡ, ಅವನು ಅಳಿಸಿಬಿಡುತ್ತಾನೆ. ನನ್ನ ನಂಬರಿಗೆ ಹಾಕು. ಕಚೇರಿಯಲ್ಲಿ ಇಬ್ಬರೂ ಎದುರಿಗೆ ಬರಬೇಕೆಂದರೆ ಮುಂದೇನು ಮಾಡುವುದೆಂದು ಸೋಮವಾರ ವಿಚಾರಿಸಿ ತಿಳಿಸುತ್ತೇನೆ. ಕಬ್ಬಿಣದ ಮಾತ್ರೆ ತಪ್ಪಿಸಬೇಡ ಎಂದು ನಿಮ್ಮವ್ವ ಇಲ್ಲೇ ಕೂತು ಹೇಳುತ್ತಿದ್ದಾಳೆ.

ನಿನ್ನ ಕಾಕಾ